ನಡುವಿನವನು

ವ್ಯವಹಾರವೆಂಬುದು ಇಬ್ಬರಿಂದ ನಡೆಯುವ ಕಾರ್ಯವೆಂದು ಮೇಲುನೋಟಕ್ಕೆ ತೋರುತ್ತದೆ. ಕೊಡುವವನೊಬ್ಬ, ಕೊಳ್ಳುವವನೊಬ್ಬ, ಇವರಿಬ್ಬರಿದ್ದರೆ ಸಾಲದೆ? ಆದರೆ ವಿಚಾರಿಸಿ ನೋಡಿದರೆ ಲೋಕದ ವ್ಯವಹಾರಗಳಲ್ಲಿ ಬಹುಪಾಲು ಮೂವರಿಂದ ನಡೆಯತಕ್ಕವು. ದನಗಳ ಜಾತ್ರೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿಯಿದ್ದಾನೆ. ಮದುವೆಯ ಮಾತಿನಲ್ಲಿ ಎರಡು ಮನೆಗಳ ನಡುವೆ ಓಡಾಡುವ ಹಿರಿಯನಿದ್ದಾನೆ. ಹಣವುಳ್ಳವನಿಗೂ ಹಣ ಬೇಕಾದವನಿಗೂ ನಡುವೆ ಸಾಹುಕಾರನೋ ಬ್ಯಾಂಕೋ ನಿಂತಿರುತ್ತದೆ. ಈ ನಡುವಿನವನನ್ನು ಬೈಯುವುದು ಸುಲಭ. ಅವನಿಲ್ಲದೆ ಬಾಳುವುದು ಕಷ್ಟ. ನಾಲ್ಕು ಕಾಸು ಕೂಡಿಟ್ಟ ಮುದುಕಿಯೊಬ್ಬಳು ದೂರದೂರಿನ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗಿ, ಅದರ ಲೆಕ್ಕಪತ್ರಗಳನ್ನು ಪರೀಕ್ಷಿಸಿ, ತನ್ನ ಹಣವನ್ನು ಅಲ್ಲಿ ತೊಡಗಿಸಿ ಬರಲಾರಳು. ಅವಳ ಪರವಾಗಿ ನೋಡುವ ಕಣ್ಣು ಒಂದು ಬೇಕು.

ಇಬ್ಬರಿಗೂ ತಿಳಿಯದುದು ಅವನಿಗೆ ತಿಳಿದಿದೆ ಎಂಬುದೇ ನಡುವಿನವನ ಬೆಲೆ. ಅದೇ ಅವನಿಗೆ ಒಡ್ಡುವ ಆಶೆಯೂ ಹೌದು. ತಿಳಿಯದವನ ಹಣವು ತಿಳಿದವನ ಕೈಯಲ್ಲಿರುವಾಗ ಆ ಕೈಯನ್ನು ತಡೆಯತಕ್ಕ ಕಟ್ಟುಗಳು ಮೂರು. ಮೊದಲನೆಯದು ನಾಳೆಯ ಭಯ: ಈ ಸಂತೆಯಲ್ಲಿ ಮೋಸಮಾಡಿದವನು ಮುಂದಿನ ಸಂತೆಗೆ ಮುಖ ತೋರಿಸಬೇಕು. ಎರಡನೆಯದು ನೆರೆಹೊರೆಯ ಕಣ್ಣು: ಅವನ ತಂದೆ ಯಾರು, ಅಜ್ಜ ಯಾರು, ಮಾತಿಗೆ ತಪ್ಪಿದ ಮನೆತನವೇ ಅಲ್ಲವೇ ಎಂಬುದನ್ನು ಊರು ಬಲ್ಲದು. ಮೂರನೆಯದು ರಾಜದಂಡ. ಈ ಮೂರರಲ್ಲಿ ಒಂದು ಸಡಿಲವಾದರೆ ಉಳಿದೆರಡು ಹೇಗೋ ತೂಗಿಸಿಕೊಂಡು ಹೋಗುತ್ತವೆ. ಮೂರೂ ಒಟ್ಟಿಗೆ ಬಿಚ್ಚಿಹೋದರೆ ಏನಾಗುವುದು? ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಪೂರ್ವ ಯೂರೋಪಿನ ದೇಶಗಳು 1989ನೆಯ ಇಸವಿಯ ಅನಂತರ ಹತ್ತು ವರ್ಷಗಳ ಕಾಲ ಇದಕ್ಕೆ ಉತ್ತರವನ್ನು ತಮ್ಮ ಗಂಟಿನಿಂದಲೇ ತೆತ್ತು ಕಲಿತವು.

ಆ ದೇಶಗಳಲ್ಲಿ ನಲವತ್ತು ವರ್ಷಗಳಿಂದಲೂ ಸರ್ಕಾರವೇ ಯಜಮಾನ, ಸರ್ಕಾರವೇ ವರ್ತಕ, ಸರ್ಕಾರವೇ ಸಾಹುಕಾರ. ಜನರಿಗೆ ಉಳಿತಾಯದ ಪುಸ್ತಕವೊಂದು ಗೊತ್ತಿತ್ತು. ಅಂಗಡಿಯ ಮುಂದಣ ಸಾಲು ಗೊತ್ತಿತ್ತು. ಷೇರೆಂದರೇನು, ಲಾಭಾಂಶವೆಂದರೇನು, ಕಂಪೆನಿಯ ಲೆಕ್ಕವನ್ನು ಓದುವುದು ಹೇಗೆ ಎಂಬುದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಇವರು ಅವಿದ್ಯಾವಂತರಲ್ಲ, ಗಣಿತದಲ್ಲಿ, ಸಂಗೀತದಲ್ಲಿ, ಯಂತ್ರವಿದ್ಯೆಯಲ್ಲಿ ಯಾರಿಗೂ ಕಡಿಮೆಯಾದವರಲ್ಲ. ಪೇಟೆಯೆಂಬ ಒಂದು ವಿದ್ಯೆಯನ್ನು ಮಾತ್ರ ಅವರಿಂದ ಮರೆಮಾಡಿ ಇಡಲಾಗಿತ್ತು. ಹಳೆಯ ಆಳಿಕೆ ಬಿದ್ದ ಬಳಿಕ ಆ ಪೇಟೆಯೇ ಒಂದು ಬೆಳಗ್ಗೆ ಅವರ ಮನೆಯ ಬಾಗಿಲಿಗೆ ಬಂದು ನಿಂತಿತು.

ಚೆಕೊಸ್ಲೊವಾಕಿಯದಲ್ಲಿ ಅದು ಬಂದುದು ಒಂದು ಚಿಕ್ಕ ಪುಸ್ತಕದ ರೂಪದಲ್ಲಿ. ಸರ್ಕಾರದ ಕಾರ್ಖಾನೆಗಳನ್ನು ಕೊಳ್ಳುವಷ್ಟು ಹಣ ದೇಶದಲ್ಲಿ ಯಾರ ಬಳಿಯೂ ಇರಲಿಲ್ಲ. ಹೊರಗಿನವರಿಗೆ ಎಲ್ಲವನ್ನೂ ಮಾರಿಬಿಡಲು ಜನರಿಗೆ ಮನಸ್ಸಿರಲಿಲ್ಲ. ಆದುದರಿಂದ ದೇಶದ ಆಸ್ತಿಯನ್ನು ಪ್ರಜೆಗಳಿಗೇ ಹಂಚಿಬಿಡುವುದೆಂದು ಆಗ ಹಣಕಾಸಿನ ಮಂತ್ರಿಯಾಗಿದ್ದ ವಾಕ್ಲಾವ್ ಕ್ಲೌಸ್ ಮತ್ತು ಅವರ ಸಂಗಡಿಗರು ಯೋಜಿಸಿದರು. ಹದಿನೆಂಟು ವರ್ಷ ತುಂಬಿದ ಯಾರೇ ಆಗಲಿ 1,035 ಕೊರುನಾ ಕೊಟ್ಟು ಕೂಪನ್ ಪುಸ್ತಕವೊಂದನ್ನು ಪಡೆಯಬಹುದಾಗಿತ್ತು. ಅದು ಆ ಕಾಲಕ್ಕೆ ಸುಮಾರು ಒಂದು ವಾರದ ಸಂಬಳ. ಪುಸ್ತಕದಲ್ಲಿ 1,000 ಅಂಕಗಳು. ಆ ಅಂಕಗಳನ್ನು ಕೊಟ್ಟು ಇಷ್ಟಬಂದ ಕಂಪೆನಿಯ ಷೇರುಗಳಿಗೆ ಕೂಗು ಹಾಕಬಹುದು. ಹರಾಜಿಗೆ ಬಂದ ಕಂಪೆನಿಗಳು ಸುಮಾರು 1,500.

ಪ್ರಾಗ್ ನಗರದ ಒಬ್ಬ ಶಾಲಾ ಉಪಾಧ್ಯಾಯನ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ರಾತ್ರಿಯೂಟವಾದ ಮೇಲೆ ಮೇಜಿನ ಸುತ್ತ ಗಂಡ, ಹೆಂಡತಿ, ಅತ್ತೆ ಕುಳಿತಿದ್ದಾರೆ; ಎದುರಿಗೆ ಮೂರು ಪುಸ್ತಕಗಳು, ಕಂಪೆನಿಗಳ ಹೆಸರುಗಳ ಉದ್ದನೆಯ ಪಟ್ಟಿ. ಗಾಜಿನ ಕಾರ್ಖಾನೆಗೆ ಅಂಕ ಕೊಡುವುದೋ, ಬೀರಿನ ಭಟ್ಟಿಗೆ ಕೊಡುವುದೋ, ಸಿಮೆಂಟಿನ ಕಂಪೆನಿಗೆ ಕೊಡುವುದೋ? ಯಾವುದರಲ್ಲಿ ಲಾಭವಿದೆ, ಯಾವುದು ಸಾಲದಲ್ಲಿ ಮುಳುಗಿದೆ? ಪಟ್ಟಿಯಲ್ಲಿ ಅಂಕಿಗಳೇನೋ ಇದ್ದವು. ಅವುಗಳ ಅರ್ಥ ಹೇಳುವವರಿರಲಿಲ್ಲ. ಪುಸ್ತಕ ಮಾರಾಟವಾಗತೊಡಗಿದ 1991ನೆಯ ಇಸವಿಯ ಕೊನೆಯಲ್ಲಿ ಇಂತಹ ಮನೆಗಳು ಅನುಮಾನದಿಂದ ದೂರವೇ ನಿಂತಿದ್ದವು. ಅಷ್ಟರಲ್ಲಿ ಟೆಲಿವಿಷನ್ನಿನಲ್ಲಿಯೂ ಗೋಡೆಗೋಡೆಯ ಮೇಲೆಯೂ ಒಂದು ಪ್ರಕಟಣೆ ಕಾಣಿಸಿಕೊಂಡಿತು: ನಿಮ್ಮ ಅಂಕಗಳನ್ನು ಇಲ್ಲಿ ಕೊಡಿ, ಒಂದು ವರ್ಷ ಒಂದು ದಿನವಾದ ಮೇಲೆ ಹತ್ತರಷ್ಟು ಹಣ ಪಡೆಯಿರಿ. ಅದರ ಕೆಳಗೆ ಹಾರ್ವರ್ಡ್ ಎಂಬ ಹೆಸರು.

ಹಾರ್ವರ್ಡ್ ಎಂಬುದು ಅಮೆರಿಕದ ವಿಖ್ಯಾತ ವಿಶ್ವವಿದ್ಯಾಲಯ. ಈ ನಿಧಿಗಳಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವುಗಳ ಸ್ಥಾಪಕನಾದ ವಿಕ್ಟರ್ ಕೊಜೆನಿ ಎಂಬ ತರುಣನು ಅಲ್ಲಿ ಓದಿ 1989ರಲ್ಲಿ ಪದವಿ ಪಡೆದಿದ್ದನು, ಅಷ್ಟೆ. ಊರಿಗೆ ಗೊತ್ತಿರುವ ಮನೆತನದ ಹೆಸರು ತನಗಿಲ್ಲದಿದ್ದಾಗ ದೂರದ ದೊಡ್ಡ ಹೆಸರನ್ನು ಎರವಲು ತಂದರೂ ನಡೆಯುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದನು. ಪ್ರಕಟಣೆ ಹೊರಟ ಕೆಲವೇ ವಾರಗಳಲ್ಲಿ ಕಚೇರಿಗಳ ಮುಂದೆ ಜನ ಕಿಕ್ಕಿರಿದರು. ಇತರ ನಿಧಿಗಳು ಪೈಪೋಟಿಗೆ ಬಿದ್ದು ಹತ್ತಕ್ಕಿಂತಲೂ ಹೆಚ್ಚಿನ ಮಾತು ಕೊಟ್ಟವು. ಕಡೆಗೆ ಸುಮಾರು 85 ಲಕ್ಷ ಜನರು ಪುಸ್ತಕ ಕೊಂಡರು. ನಾನೂರಕ್ಕೂ ಮಿಕ್ಕ ನಿಧಿಗಳು ಹುಟ್ಟಿಕೊಂಡವು. ಜನರ ಅಂಕಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಭಾಗ ನಿಧಿಗಳ ಕೈ ಸೇರಿತು. ಹಾರ್ವರ್ಡ್ ನಿಧಿಗಳೊಂದಕ್ಕೇ 8 ಲಕ್ಷ ಮಂದಿಗಿಂತ ಹೆಚ್ಚು ಜನರು ತಮ್ಮ ಅಂಕಗಳನ್ನು ಒಪ್ಪಿಸಿದರು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮೊದಲನೆಯ ಸುತ್ತಿನಲ್ಲಿ ಹಂಚಿದ ಆಸ್ತಿಯ ಬೆಲೆಯನ್ನು ಕಾರ್ಖಾನೆಗಳ ಲೆಕ್ಕದ ಪುಸ್ತಕಗಳಲ್ಲಿದ್ದಂತೆ ಹಿಡಿದು ಭಾಗಿಸಿದರೆ, ಒಂದೊಂದು ಕೂಪನ್ ಪುಸ್ತಕಕ್ಕೆ ಸುಮಾರು 35,000 ಕೊರುನಾ ಬರುತ್ತಿತ್ತು. ಲೆಕ್ಕದ ಪುಸ್ತಕದ ಬೆಲೆ ಪೇಟೆಯ ಬೆಲೆಯಲ್ಲವೆಂಬುದು ನಿಜ. ಆದರೂ ಹತ್ತು ಸಾವಿರದ ಚಿಲ್ಲರೆಯನ್ನು ಮಹಾ ಔದಾರ್ಯದಿಂದ ಕೊಡುತ್ತೇನೆಂದು ಹೇಳಿದವನು, ಕೇಳುವವನ ಸ್ವಂತ ಸೊತ್ತಿನ ಒಂದು ಭಾಗವನ್ನೇ ಅವನಿಗೆ ಬಹುಮಾನವಾಗಿ ತೋರಿಸುತ್ತಿದ್ದನು. ಉಪಾಧ್ಯಾಯನಿಗೆ ತನ್ನ ಕೈಯಲ್ಲಿರುವುದು ಏನೆಂದು ತಿಳಿಯದು; ನಡುವಿನವನಿಗೆ ತಿಳಿದಿತ್ತು. ಇಡೀ ಕಥೆಯ ಬೀಜವಿರುವುದು ಇಷ್ಟರಲ್ಲಿಯೇ.

ಮುಂದೆ ನಡೆದುದಕ್ಕೆ ಚೆಕ್ ಜನರು ತಮ್ಮ ನುಡಿಯಲ್ಲಿ ಒಂದು ಹೊಸ ಪದವನ್ನೇ ಮಾಡಿಕೊಂಡರು: ಸುರಂಗ ತೋಡುವುದು. ಮನೆಯ ಬಾಗಿಲು ಮುಚ್ಚಿಯೇ ಇರುತ್ತದೆ, ಬೀಗ ಮುರಿದಿರುವುದಿಲ್ಲ, ಗೋಡೆಯೂ ಭದ್ರವಾಗಿರುತ್ತದೆ. ಒಳಗೆ ಹೋಗಿ ನೋಡಿದರೆ ಸಾಮಾನಿಲ್ಲ. ಅದರ ಬಗೆ ಹೀಗೆ. ನಿಧಿಯೊಂದರ ಕೈಯಲ್ಲಿ ಒಂದು ಒಳ್ಳೆಯ ಗಾಜಿನ ಕಾರ್ಖಾನೆಯ ಷೇರುಗಳಿವೆ ಎನ್ನೋಣ. ನಿಧಿಯ ಪಾರುಪತ್ಯಗಾರನು ನೂರು ಬೆಲೆಯ ಆ ಷೇರುಗಳನ್ನು ಮೂವತ್ತಕ್ಕೆ ಒಂದು ಹೊರಗಿನ ಕಂಪೆನಿಗೆ ಮಾರುತ್ತಾನೆ. ಆ ಕಂಪೆನಿಯೂ ಅವನದೇ, ಅಥವಾ ಅವನ ಸ್ನೇಹಿತನದು. ಅದರ ದಾಖಲೆಯೆಲ್ಲ ಸಮುದ್ರದಾಚೆಯ ಯಾವುದೋ ದ್ವೀಪದಲ್ಲಿ. ಮರುದಿನ ಅದೇ ನಿಧಿಯು ಹತ್ತಕ್ಕೂ ಬಾಳದ ಇನ್ನೊಂದು ಷೇರನ್ನು ನೂರು ಕೊಟ್ಟು ಕೊಳ್ಳುತ್ತದೆ. ಮಾರಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಎರಡು ಕಾಗದಗಳಿಗೂ ರುಜುವಿದೆ, ಮೊಹರಿದೆ. ಕಳವಾಗಿದೆ, ಕಳ್ಳನಿಲ್ಲ.

ಇದನ್ನು ಕೇಳಬೇಕಾದವರು ಯಾರು? ಷೇರುದಾರರು ಲಕ್ಷಗಟ್ಟಲೆ, ಒಬ್ಬೊಬ್ಬನ ಪಾಲು ಸಾಸಿವೆಯಷ್ಟು. ಸಭೆಗೆ ರೈಲಿನಲ್ಲಿ ಹೋಗಿಬರುವ ಖರ್ಚು ಅವನ ಪಾಲಿಗಿಂತ ದೊಡ್ಡದು. ಪ್ರಾಗಿನ ಷೇರುಪೇಟೆ 1993ರಲ್ಲಿ ಬಾಗಿಲು ತೆರೆಯಿತಾದರೂ ವ್ಯಾಪಾರದ ಬಹುಪಾಲು ಅದರ ಹೊರಗೆ, ಬೆಲೆ ಯಾರ ಕಿವಿಗೂ ಬೀಳದಂತೆ ನಡೆಯುತ್ತಿತ್ತು. ದೊಡ್ಡ ನಿಧಿಗಳಲ್ಲಿ ಹಲವು ಬ್ಯಾಂಕುಗಳೇ ಹುಟ್ಟಿಸಿದವು. ಆ ಬ್ಯಾಂಕುಗಳಲ್ಲಿ ಸರ್ಕಾರದ ಪಾಲು ಇನ್ನೂ ಇದ್ದಿತು. ಬ್ಯಾಂಕು ಸಾಲ ಕೊಟ್ಟ ಕಾರ್ಖಾನೆಗೆ ಬ್ಯಾಂಕಿನ ನಿಧಿಯೇ ಒಡೆಯ. ಸಾಲ ಕೊಟ್ಟವನೂ ತೆಗೆದುಕೊಂಡವನೂ ಪಂಚಾಯತಿಯ ಹಿರಿಯನೂ ಒಬ್ಬನೇ ಆದರೆ ತೀರ್ಪು ಹೇಗಿದ್ದೀತು? ಬೇಲಿಯೇ ಎದ್ದು ಹೊಲ ಮೇಯುವುದೆಂಬ ಕನ್ನಡದ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಕ್ಕುವುದು ಅಪರೂಪ. ನಿಧಿಗಳ ಮೇಲಣ ಕಟ್ಟುಪಾಡು ಬಿಗಿಯಾಗುವ ಸೂಚನೆ ಕಂಡಾಗ, 1996ರಲ್ಲಿ, ಹಲವು ನಿಧಿಗಳು ತಾವು ನಿಧಿಗಳೇ ಅಲ್ಲವೆಂದು ಹೇಳಿ ಸಾಧಾರಣ ಕಂಪೆನಿಗಳಾಗಿ ವೇಷ ಬದಲಾಯಿಸಿದವು. 1997ರ ಮಾರ್ಚಿ ತಿಂಗಳಿನಲ್ಲಿ ಒಂದು ನಿಧಿಸಮೂಹದಿಂದ ನೂರು ಕೋಟಿ ಕೊರುನಾಗಳಿಗೂ ಮಿಕ್ಕ ಹಣ ಮಾಯವಾಯಿತು. ಪೇಟೆಗೆ ಪಹರೆಯಾಗಿ ಒಂದು ಪ್ರತ್ಯೇಕ ಆಯೋಗವು ನೇಮಕವಾದುದು 1998ರ ಏಪ್ರಿಲಿನಲ್ಲಿ. ಅಷ್ಟುಹೊತ್ತಿಗೆ ಕಾಯಬೇಕಾದುದರಲ್ಲಿ ಎಷ್ಟೋ ಪಾಲು ಹೋಗಿಬಿಟ್ಟಿತ್ತು. ಕೊಜೆನಿಯು ಬಹು ಹಿಂದೆಯೇ ಬಹಾಮಾ ದ್ವೀಪಗಳನ್ನು ಸೇರಿದ್ದನು. ಪ್ರಾಗಿನ ನ್ಯಾಯಾಲಯವು 2010ರಲ್ಲಿ ಅವನಿಗೆ ಹತ್ತು ವರ್ಷಗಳ ಸೆರೆವಾಸವನ್ನು ವಿಧಿಸಿತು, ಆದರೆ ಅವನ ಗೈರುಹಾಜರಿಯಲ್ಲಿ.

ಆಳಿದವರೆಲ್ಲರೂ ಕೇಡನ್ನೇ ಬಯಸಿದ್ದರೆಂದು ಹೇಳಿದರೆ ಅನ್ಯಾಯವಾದೀತು. ಅವರಿಗೂ ಒಂದು ವಾದವಿದ್ದಿತು, ಅದು ಹುಡುಗಾಟದ ವಾದವೂ ಅಲ್ಲ. ತಡಮಾಡಿದಷ್ಟೂ ಹಳೆಯ ಕಾರ್ಖಾನೆಗಳ ಅಧಿಕಾರಿಗಳು ಕೈಗೆ ಸಿಕ್ಕಿದುದನ್ನು ಬಾಚಿಕೊಳ್ಳುತ್ತಾರೆ. ಆಸ್ತಿಗೆ ಬೇಗ ಒಡೆಯನನ್ನು ತೋರಿಸಿದರೆ ಒಡೆಯನೇ ಅದನ್ನು ಕಾದುಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ತನ್ನ ಹೊಲವನ್ನು ತಾನೇ ಉಳುವವನ ವಿಷಯದಲ್ಲಿ ಇದು ಸತ್ಯ. ಆದರೆ ಇಲ್ಲಿ ಒಡೆಯನಿಗೂ ಹೊಲಕ್ಕೂ ನಡುವೆ ಒಬ್ಬನು ನಿಂತಿದ್ದನು. ಒಡೆಯನ ಹೆಸರು ಕಾಗದದಲ್ಲಿ; ನೇಗಿಲು, ಬೀಜ, ಕಣಜದ ಬೀಗದ ಕೈ ನಡುವಿನವನ ಹತ್ತಿರ. ಈ ಒಬ್ಬನನ್ನು ಲೆಕ್ಕದಲ್ಲಿ ಹಿಡಿಯದೆಹೋದುದೇ ಆ ವಾದದ ದೋಷ.

ಚೆಕ್ ಜನರ ನಷ್ಟವು ಸದ್ದಿಲ್ಲದ ನಷ್ಟ. ರುಮಾನಿಯ ಮತ್ತು ರಷ್ಯ ದೇಶಗಳಲ್ಲಿ ಅದೇ ವಂಚನೆ ಕೂಪನ್ನಿನ ಮುಸುಕನ್ನೂ ಹಾಕಿಕೊಳ್ಳದೆ ಬಂದಿತು. ರುಮಾನಿಯದ ಕ್ಲೂಜ್ ಪಟ್ಟಣದಲ್ಲಿ 1992ರಿಂದ 1994ರವರೆಗೆ ಕಾರಿತಾಸ್ ಎಂಬ ಸಂಸ್ಥೆಯು ಮೂರು ತಿಂಗಳಲ್ಲಿ ಎಂಟರಷ್ಟು ಹಣ ಕೊಡುತ್ತೇನೆಂದು ಜನರನ್ನು ಸೆಳೆಯಿತು. ರಷ್ಯದ ಎಂಎಂಎಂ ಎಂಬ ಕಂಪೆನಿ 1994ರಲ್ಲಿ ಕುಸಿದ ಮೇಲೂ, ಅದರ ಒಡೆಯ ಸೆರ್ಗೇಯ್ ಮಾವ್ರೊದಿ ಅದೇ ವರ್ಷ ಚುನಾವಣೆಗೆ ನಿಂತು ಗೆದ್ದು ಶಾಸನಸಭೆಯನ್ನೇ ಹೊಕ್ಕನು. ಹೀಗೆ ಹೊಸಬರ ಹಣದಿಂದ ಹಳಬರ ಬಡ್ಡಿಯನ್ನು ತೀರಿಸುವ ಆಟವು ಅತ್ಯಂತ ಘೋರವಾದ ಕೊನೆಯನ್ನು ಕಂಡುದು ಆಲ್ಬೇನಿಯದಲ್ಲಿ.

ಆಲ್ಬೇನಿಯವು ಆಗ ಯೂರೋಪಿನಲ್ಲೆಲ್ಲ ಬಡದೇಶ. ದಶಕಗಳ ಕಾಲ ಹೊರಲೋಕಕ್ಕೆ ಬಾಗಿಲು ಹಾಕಿಕೊಂಡಿದ್ದ ದೇಶ. ಬಾಗಿಲು ತೆರೆದೊಡನೆ ಲಕ್ಷಾಂತರ ತರುಣರು ಗ್ರೀಸಿಗೂ ಇಟಲಿಗೂ ಹೋಗಿ, ಹೊಲಗಳಲ್ಲಿ, ಕಟ್ಟಡಗಳ ಕೆಲಸದಲ್ಲಿ ದುಡಿದು ಮನೆಗೆ ಹಣ ಕಳುಹಿಸಿದರು. ಆ ಹಣವನ್ನು ಇಡುವುದೆಲ್ಲಿ? ಸರ್ಕಾರದ ಬ್ಯಾಂಕುಗಳು ನಿಧಾನವಾದವು, ದುರ್ಬಲವಾದವು. ಕೆಲಸಕ್ಕೆ ಸಾಲ ಬೇಕಾದವನು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಹೀಗಾಗಿ ಖಾಸಗಿ ಲೇವಾದೇವಿಯವರು ತಲೆಯೆತ್ತಿದರು. ಇವರಲ್ಲಿ ಕೆಲವರಿಗೆ ಮೊದಲು ನಿಜವಾದ ವ್ಯಾಪಾರವೂ ಇದ್ದಿತು. ಯುದ್ಧದ ನಿಮಿತ್ತ ಹೊರದೇಶಗಳ ನಿರ್ಬಂಧಕ್ಕೆ ಸಿಕ್ಕಿದ್ದ ಯುಗೊಸ್ಲಾವಿಯಕ್ಕೆ ಕಳ್ಳಮಾರ್ಗದಲ್ಲಿ ಸರಕು ಸಾಗಿಸಿ ಲಾಭ ಪಡೆದವರೂ ಇದ್ದರೆಂದು ಹೇಳುತ್ತಾರೆ. 1995ರ ಕೊನೆಯಲ್ಲಿ ಆ ನಿರ್ಬಂಧ ಸಡಿಲವಾಯಿತು. ಲಾಭದ ಮೂಲ ಬತ್ತಿತು. ಬಡ್ಡಿಯ ಮಾತು ಮಾತ್ರ ಬೆಳೆಯುತ್ತ ಹೋಯಿತು. 1996ರ ಬೇಸಗೆಯ ಹೊತ್ತಿಗೆ ತಿಂಗಳಿಗೆ ನೂರಕ್ಕೆ ಹತ್ತು; ಸೆಪ್ಟೆಂಬರಿನಲ್ಲಿ ಒಂದು ಸಂಸ್ಥೆ ಮೂವತ್ತಕ್ಕೂ ಮೇಲೆ; ನವೆಂಬರಿನಲ್ಲಿ ಇನ್ನೊಂದು ಮೂರು ತಿಂಗಳಿಗೆ ಮೂರರಷ್ಟು, ಮತ್ತೊಂದು ಎರಡು ತಿಂಗಳಿಗೆ ಎರಡರಷ್ಟು.

ಜನರು ಮನೆಗಳನ್ನು ಮಾರಿದರು. ಒಕ್ಕಲಿಗರು ದನಕುರಿಗಳನ್ನು ಕಟುಕರಿಗೆ ಹೊಡೆದುಕೊಂಡು ಬಂದರು. ಆ ವರ್ಷದ ಶರತ್ಕಾಲದಲ್ಲಿ ರಾಜಧಾನಿಯಾದ ತಿರಾನಾ ಕಸಾಯಿಖಾನೆಯಂತೆ ನಾರುತ್ತಿತ್ತೆಂದು ಕಂಡವರು ಬರೆದಿದ್ದಾರೆ. ಹಾಲು ಕೊಡುವ ಹಸುವನ್ನು ಮಾರಿ ಬಡ್ಡಿ ಕೊಡುವ ಕಾಗದವನ್ನು ಕೊಂಡ ಮನೆಗಳು ಎಷ್ಟೋ. ಸುಮಾರು 35 ಲಕ್ಷ ಜನರಿದ್ದ ಆ ದೇಶದಲ್ಲಿ ಎರಡೇ ಸಂಸ್ಥೆಗಳಿಗೆ ಹಣವಿಟ್ಟವರು ಕೆಲವೇ ತಿಂಗಳುಗಳಲ್ಲಿ 20 ಲಕ್ಷದ ಹತ್ತಿರ ಬಂದರು. ಇಂತಹ ಸಂಸ್ಥೆಗಳೆಲ್ಲವೂ ಸೇರಿ ಕೊಡಬೇಕಾಗಿದ್ದ ಹಣ ಸುಮಾರು 120 ಕೋಟಿ ಡಾಲರು, ಎಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪತ್ತಿಯ ಅರ್ಧಕ್ಕೆ ಹತ್ತಿರ. ಅಂತರರಾಷ್ಟ್ರೀಯ ಹಣಕಾಸಿನ ಸಂಸ್ಥೆಗಳು ಎಚ್ಚರಿಸಿದರೂ ಆಳುವವರು ಕಿವಿಗೊಡಲಿಲ್ಲ. 1997ರ ಜನವರಿಯಲ್ಲಿ ಒಂದರ ಹಿಂದೆ ಒಂದು ಸಂಸ್ಥೆ ಕೈಯೆತ್ತಿತು. ವ್ಲೋರಾ ಮೊದಲಾದ ದಕ್ಷಿಣದ ಊರುಗಳಲ್ಲಿ ಜನರು ಬೀದಿಗಿಳಿದರು; ಸೇನೆಯ ಉಗ್ರಾಣಗಳನ್ನು ಒಡೆದು ಬಂದೂಕುಗಳನ್ನು ಹೊತ್ತೊಯ್ದರು; ಮಾರ್ಚಿಯಲ್ಲಿ ಮಂತ್ರಿಮಂಡಲ ಉರುಳಿತು. ಏಪ್ರಿಲಿನಲ್ಲಿ ಇಟಲಿಯ ಮುಂದಾಳುತನದಲ್ಲಿ ಹಲವು ದೇಶಗಳ ಸೈನ್ಯ ಬರಬೇಕಾಯಿತು. ಅಷ್ಟರಲ್ಲಿ ಸುಮಾರು ಎರಡು ಸಾವಿರ ಮಂದಿ ಪ್ರಾಣ ಕಳೆದುಕೊಂಡಿದ್ದರು.

ಇದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಆಶೆಗೆ ಬಿದ್ದವರು ಅನುಭವಿಸಿದರು. ಈ ಮಾತಿನಲ್ಲಿ ಒಂದು ಪಾಲು ನಿಜವಿದೆ. ಆದರೆ ಆ ನಿಜವು ಸುಖವಾಗಿ ಕುಳಿತವರ ನಿಜ. ಬಾಳೆಲ್ಲ ಒಂದೇ ಬೆಲೆಯನ್ನು ಕಂಡವನಿಗೆ ಯಾವ ಬಡ್ಡಿ ನ್ಯಾಯವಾದುದು, ಯಾವುದು ಅಸಾಧ್ಯವಾದುದು ಎಂದು ತಿಳಿಯುವುದು ಹೇಗೆ? ಹೊಸ ಕಾಲವು ಐಶ್ವರ್ಯವನ್ನು ತರುವುದೆಂದು ದೊಡ್ಡವರೆಲ್ಲರೂ ಹೇಳುತ್ತಿದ್ದರು. ನೆರೆಮನೆಯವನಿಗೆ ಮೊದಲ ತಿಂಗಳ ಬಡ್ಡಿ ಬಂದುದನ್ನು ಕಣ್ಣಾರೆ ನೋಡಿದ್ದಾಯಿತು. ಕ್ಲೂಜ್ ಪಟ್ಟಣದಲ್ಲಿ ಹಣ ಬರಬೇಕಾದವರ ಹೆಸರುಗಳನ್ನು ಪತ್ರಿಕೆಯಲ್ಲಿಯೇ ಅಚ್ಚು ಹಾಕುತ್ತಿದ್ದರು. ಅಚ್ಚಾದ ಮಾತನ್ನೂ ಕಂಡ ಹಣವನ್ನೂ ನಂಬಬಾರದೆಂದರೆ ಸಾಧಾರಣ ಗೃಹಸ್ಥನು ಮತ್ತೇನನ್ನು ನಂಬಬೇಕು? ಅಜ್ಞಾನವನ್ನು ಆಶೆಯೆಂದು ಕರೆದು ಶಿಕ್ಷಿಸುವುದು ನ್ಯಾಯವಲ್ಲ.

ಇದೆಲ್ಲವೂ ತಪ್ಪಿಸಲಾಗದ ವಿಧಿಯಾಗಿತ್ತೆಂದು ಹೇಳುವಂತೆಯೂ ಇಲ್ಲ. ನೆರೆಯ ಪೋಲೆಂಡಿನಲ್ಲಿ ಷೇರುಪೇಟೆಯು 1991ರ ಏಪ್ರಿಲಿನಲ್ಲಿ, ಹಿಂದೆ ಕಮ್ಯೂನಿಸ್ಟ್ ಪಕ್ಷದ ಕೇಂದ್ರ ಕಚೇರಿಯಾಗಿದ್ದ ಕಟ್ಟಡದಲ್ಲಿ ಆರಂಭವಾಯಿತು. ಅಂದು ಅಲ್ಲಿದ್ದುದು ಐದೇ ಕಂಪೆನಿಗಳ ಷೇರು. ಆದರೆ ಪೇಟೆಯೊಡನೆಯೇ ಅದರ ಶಾಸನವೂ ಪಹರೆಯ ಆಯೋಗವೂ ಬಂದುವು. ಪೋಲೆಂಡಿನಲ್ಲಿಯೂ ಮೋಸಗಳಾಗದೆ ಇರಲಿಲ್ಲ. ಅದೇ ವರ್ಷ ಆರ್ಟ್-ಬಿ ಎಂಬ ಕಂಪೆನಿಯು, ಒಂದು ಬ್ಯಾಂಕಿನ ಚೆಕ್ಕು ಇನ್ನೊಂದಕ್ಕೆ ತಲುಪಿ ಲೆಕ್ಕ ಸೇರುವುದು ತಡವಾಗುತ್ತಿದ್ದ ಸಂದರ್ಭವನ್ನು ಉಪಯೋಗಿಸಿಕೊಂಡು, ಒಂದೇ ಹಣಕ್ಕೆ ಹಲವು ಬ್ಯಾಂಕುಗಳಲ್ಲಿ ಏಕಕಾಲಕ್ಕೆ ಬಡ್ಡಿ ಪಡೆದುದು ಬಯಲಾಯಿತು. ಆದರೂ ಷೇರಿನ ಪೇಟೆಯಲ್ಲಿ ಕಾವಲುಗಾರನು ಕಳ್ಳನಿಗಿಂತ ಮೊದಲು ಬಂದು ಕುಳಿತಿದ್ದುದರಿಂದ ಸುರಂಗ ತೋಡುವ ವಿದ್ಯೆ ಅಲ್ಲಿ ಅಷ್ಟು ಬೆಳೆಯಲಿಲ್ಲ. ಪೇಟೆ ಚಿಕ್ಕದಾಗಿತ್ತು, ನಿಧಾನವಾಗಿತ್ತು. ಆದರೆ ಕಾಲುಗಳ ಮೇಲೆ ನಿಂತಿತ್ತು.

ನಡುವಿನವನನ್ನು ತಡೆಯುವ ಮೂರು ಕಟ್ಟುಗಳಲ್ಲಿ ನಾಳೆಯ ಭಯ ಹುಟ್ಟಬೇಕಾದರೆ ವರ್ಷಗಳು ಬೇಕು; ನೆರೆಹೊರೆಯ ತಿಳಿವಳಿಕೆ ಬಲಿಯಬೇಕಾದರೆ ಒಂದು ತಲೆಮಾರು ಬೇಕು. ಇವನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ತರಲಾರದು. ರಾಜದಂಡವೊಂದನ್ನು ಮಾತ್ರ ಮೊದಲೇ ನೆಡಬಹುದು. ಉಳಿದೆರಡು ಇಲ್ಲದ ಕಾಲದಲ್ಲಿಯೇ ಅದು ಹೆಚ್ಚಾಗಿ ಬೇಕಾದುದು. ಆ ಕಾಲದಲ್ಲಿಯೇ ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಮುಂದಕ್ಕೆ ಹಾಕಿದರು.

ಹೋದ ಹಣವನ್ನು ಮತ್ತೆ ಗಳಿಸಬಹುದು. ಚೆಕ್ ದೇಶವು ಆ ಬಳಿಕ ಏಳಿಗೆ ಹೊಂದಿತು, ಆಲ್ಬೇನಿಯವೂ ಚೇತರಿಸಿಕೊಂಡಿತು. ಆದರೆ ಸ್ವಾತಂತ್ರ್ಯವೆಂಬ ಶಾಲೆಗೆ ಮೊದಲ ದಿನ ಹೋದವರಿಗೆ ಅಲ್ಲಿ ಕಲಿಸಿದ ಮೊದಲ ಪಾಠ ಯಾವುದು? ನಂಬಿದವನು ಕೆಟ್ಟ ಎಂಬುದು. ಈ ಪಾಠವನ್ನು ಮರೆಯಿಸುವುದು ಹಣ ಗಳಿಸುವುದಕ್ಕಿಂತ ಕಷ್ಟ. ಪ್ರಾಗಿನ ಆ ಉಪಾಧ್ಯಾಯನ ಮೇಜಿನ ಸೆಳೆಖಾನೆಯಲ್ಲಿ ಅಂಕಗಳೆಲ್ಲ ತೀರಿಹೋದ ಕೂಪನ್ ಪುಸ್ತಕ ಈಗಲೂ ಇದ್ದೀತು. ಅದಕ್ಕೆ ಬೆಲೆಯಿಲ್ಲ, ಎಸೆಯಲು ಮನಸ್ಸೂ ಬಾರದು. ಮುಂದೆಂದಾದರೂ ಯಾರಾದರೂ ಬಂದು ಹತ್ತರಷ್ಟು ಕೊಡುತ್ತೇನೆಂದರೆ, ಅವನ ಮಕ್ಕಳು ಅದನ್ನು ತೆಗೆದು ನೋಡಿ, ಒಂದೇ ಪ್ರಶ್ನೆ ಕೇಳಿಯಾರು: ಕೊಡುವುದು ಯಾರ ಹಣವನ್ನು?